ಒರಸಬ್ಯಾಡ, ಒದ್ದಿ ಇರಲಿ

ನಮ್ಮ ಮನೆಗೆ ಊಟಕ್ಕೆ ಬಂದವರು ಕೊನೆಯಲ್ಲಿ ಒಂದು ಗದರಿಕೆ ತಿಂದೇ ಹೋಗುತ್ತಾರೆ. ಊಟವಾದ ಮೇಲೆ ನಾವು ಅಡುಗೆಕಟ್ಟೆಯನ್ನು ಸೋಪುನೀರಿನಲ್ಲಿ ಉಜ್ಜಿ, ಅದರ ಮೇಲೆ ಕ್ರಿಮಿನಾಶಕ ಚಿಮುಕಿಸಿ, ಹಾಗೇ ಬಿಟ್ಟು ಹರಟೆಗೆ ಕೂತುಬಿಡುತ್ತೇವೆ. ಬಂದವರಲ್ಲಿ ಯಾರೋ ಒಬ್ಬರು, ಪಾಪ, ಸಹಾಯ ಮಾಡೋಣವೆಂದು ಪೇಪರ್ ಟವೆಲ್ ಹಿಡಿದು ಏಳುತ್ತಾರೆ. ಆಗ ನಾನು, ನನ್ನ ಹೆಂಡತಿ ವಸುಧಾ, ಇಲ್ಲೇ ಕೆನಡಾದಲ್ಲಿ ಹುಟ್ಟಿ ಕನ್ನಡದಲ್ಲಿ ನಾಲ್ಕು ಮಾತು ಕೂಡಿಸಲು ತಿಣುಕುವ ನಮ್ಮ ಮಗಳು, ಮೂವರೂ ಒಂದೇ ಉಸಿರಿನಲ್ಲಿ ಕೂಗುತ್ತೇವೆ: “ಒರಸಬ್ಯಾಡ, ಒದ್ದಿ ಇರಲಿ!”

ನಾವು ಮೈಸೂರಿನವರು. ಬೇಡಕ್ಕೆ ಬ್ಯಾಡ, ಒದ್ದೆಗೆ ಒದ್ದಿ ಎನ್ನುವ ಬಾಯಿ ನಮ್ಮದಲ್ಲ. ಅದು ಪಕ್ಕದ ಮನೆಯ ಧಾರವಾಡದ ಅಕ್ಕೋರದು. ಕಳೆದ ನವೆಂಬರಿನಲ್ಲಿ ಅವರು ತೀರಿಕೊಂಡರು. ಎಪ್ಪತ್ತು ದಾಟಿತ್ತು. ಹಿಂದಿನ ದಿನ ಸಂಜೆಯವರೆಗೂ ಯಾರನ್ನೋ ಬೈದುಕೊಂಡು ಚೆನ್ನಾಗಿಯೇ ಇದ್ದರು. ಅವರ ಬಗ್ಗೆ ಅಳುಮುಖ ಮಾಡಿಕೊಂಡು ಬರೆದರೆ ಅವರೇ ಎದ್ದು ಬಂದು ಪೆನ್ನು ಕಿತ್ತುಕೊಂಡಾರು. ಹಾಗಾಗಿ ನಗುತ್ತಲೇ ಬರೆಯುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ, ಟೊರಾಂಟೊ ಪಕ್ಕದ ಥಾರ್ನ್‌ಹಿಲ್ಲಿನ ಟೌನ್‌ಹೌಸಿಗೆ ನಾವು ಸಾಮಾನು ಇಳಿಸಿದ ದಿನ ಅವರನ್ನು ಮೊದಲು ಕಂಡದ್ದು. ಹಿಂದಿನ ಬಾಡಿಗೆದಾರರು ಅಡುಗೆಮನೆಯನ್ನು ಬಿಟ್ಟುಹೋಗಿದ್ದ ಅವಸ್ಥೆ ನೋಡಿ ವಸುಧಾ ಪೆಟ್ಟಿಗೆಗಳನ್ನೂ ಬಿಚ್ಚದೆ ಸ್ಪ್ರೇ ಬಾಟಲಿ ಕೈಗೆತ್ತಿಕೊಂಡಿದ್ದಳು. ಅವಳು ಚಿಮುಕಿಸುವುದು, ಅದರ ಬೆನ್ನಿಗೇ ನಾನು ಒರೆಸುವುದು, ಹೀಗೆ ನಡೆದಿತ್ತು ಕೆಲಸ. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಇಳಕಲ್ ಸೀರೆ, ಅದರ ಮೇಲೆ ದಪ್ಪ ಚಳಿಗಾಲದ ಜಾಕೆಟ್ಟು, ಕಾಲಿಗೆ ಗಂಡಸರ ಸ್ನೋ ಬೂಟು, ಕೈಯಲ್ಲಿ ಮುಚ್ಚಳವಿದ್ದ ಸ್ಟೀಲ್ ಬಟ್ಟಲು. ನಮ್ಮ ಮುಖ ನೋಡುವ ಮೊದಲೇ ಅವರು ನಮ್ಮ ಹೆಗಲ ಮೇಲಿಂದ ಅಡುಗೆಕಟ್ಟೆ ನೋಡಿದರು. ಮೂಗು ಸ್ವಲ್ಪ ಮೇಲೆತ್ತಿ ಗಾಳಿಯನ್ನು ಮೂಸಿದರು. ಯಾರ ಮನೆಗೆ ಹೋದರೂ ಅವರು ಮಾಡುತ್ತಿದ್ದದ್ದು ಅದೇ, ಮೊದಲು ಮೂಗು, ಆಮೇಲೆ ನಮಸ್ಕಾರ.

“ಏನ್ ಮಾಡ್ಲಿಕ್ಕತ್ತೀರಿ?” ಎಂದರು.

“ಕ್ಲೀನ್ ಮಾಡ್ತಾ ಇದೀವಿ,” ಎಂದೆ.

“ಕ್ಲೀನ್ ಅಲ್ಲ ತಮ್ಮಾ, ಬ್ಯಾಕ್ಟೀರಿಯಾಕ್ಕ ಸ್ನಾನಾ ಮಾಡ್ಸಿ ಟವೆಲ್ ಕೊಡ್ಲಿಕ್ಕತ್ತೀ. ಅವಕ್ಕ ಸಾಯ್ಲಿಕ್ಕೆ ಒಂದಿಷ್ಟು ಪುರಸೊತ್ತು ಬ್ಯಾಡೇನು?”

ಬಾಟಲಿಯನ್ನು ವಸುಧಾಳ ಕೈಯಿಂದ ತೆಗೆದುಕೊಂಡು ತಿರುಗಿಸಿ, ಕನ್ನಡಕವನ್ನು ಹಣೆಗೆ ಏರಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ತೋರಿಸಿದರು. ಮೊದಲು ಕೊಳೆ ತೆಗೆಯಬೇಕು; ಆಮೇಲೆ ಚಿಮುಕಿಸಿ ಹತ್ತು ನಿಮಿಷ ಒದ್ದೆಯಾಗಿ ಬಿಡಬೇಕು. ಹಾಗೆಂದು ಕಂಪನಿಯವರೇ ಬರೆದಿದ್ದರು. ಬಾಟಲಿಯ ಹಿಂಬದಿ ಓದುವ ಮನುಷ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಉಪದೇಶ ಕಂಡರೆ ಆಗದು, ಅದೂ ಮನೆ ಹೊಕ್ಕ ಮೊದಲ ದಿನ. ಮುಖ ಗಂಟಿಕ್ಕಿದೆ. ಅವರು ಅದನ್ನು ನೋಡಿಯೂ ನೋಡದವರಂತೆ ಮತ್ತೆ ಕಟ್ಟೆ ಪೂರ್ತಿ ಚಿಮುಕಿಸಿ, “ಒರಸಬ್ಯಾಡ, ಒದ್ದಿ ಇರಲಿ,” ಎಂದು ಪುಸ್ತಕದ ಪೆಟ್ಟಿಗೆಯೊಂದರ ಮೇಲೆ ಕುಳಿತೇಬಿಟ್ಟರು.

ಆ ಹತ್ತು ನಿಮಿಷದಲ್ಲಿ ನಮ್ಮ ಜಾತಕವೆಲ್ಲ ಅವರಿಗೆ ತಿಳಿಯಿತು, ಅವರದು ನಮಗೆ. ಧಾರವಾಡದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಲೆಕ್ಚರರ್ ಆಗಿದ್ದವರು. ಎಂಬತ್ತರ ದಶಕದಲ್ಲಿ ಗಂಡನ ಜೊತೆ ಬಂದು, ಈಗ ಮಾರ್ಖಮ್ಮಿನ ಒಂದು ಲ್ಯಾಬಿನಲ್ಲಿ ಕೆಲಸ. ಶಾಲೆ, ಆಸ್ಪತ್ರೆ, ಹೋಟೆಲುಗಳಿಗೆ ಹೋಗುವ ಕ್ರಿಮಿನಾಶಕಗಳು ನಿಜವಾಗಿ ಕೊಲ್ಲುತ್ತವೋ ಇಲ್ಲವೋ ನೋಡುವುದು ಅವರ ಕೆಲಸ. ಚಿಕ್ಕ ಸ್ಟೀಲ್ ಬಿಲ್ಲೆಗಳ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ ಒಣಗಿಸಿ, ಹೇಳಿದಷ್ಟು ಹೊತ್ತು ಔಷಧದಲ್ಲಿ ಅದ್ದಿ, ಆಮೇಲೆ ಅವಕ್ಕೆ ಇಷ್ಟವಾದ ಸಾರಿನಲ್ಲಿ ಹಾಕಿ ಬೆಚ್ಚಗಿಡುವುದು. ಸಾರು ಕದಡಿದ್ದರೆ ಒಂದಾದರೂ ಬದುಕಿದೆ ಎಂದು ಅರ್ಥ, ತಿಳಿಯಾಗಿದ್ದರೆ ಎಲ್ಲ ಸತ್ತಿವೆ.

ಹೊತ್ತಾದ ಮೇಲೆ ಕಟ್ಟೆಗೆ ನೀರು ಹಾಕಿ ತೊಳೆಸಿ, ಸ್ಟೀಲ್ ಬಟ್ಟಲನ್ನು ಅದರ ಮೇಲಿಟ್ಟು ಮುಚ್ಚಳ ತೆಗೆದರು. ಬೆಣ್ಣೆಯಂಥ ಗಟ್ಟಿ ಮೊಸರು.

“ಇದು ನಮ್ಮವ್ವನ ಹೆಪ್ಪು,” ಎಂದರು. ಅವರ ದನಿ ಬೇರೆಯಾಗಿತ್ತು.

ಊರು ಬಿಡುವ ಮುಂಚಿನ ದಿನ ಅವರ ತಾಯಿ ಒಗೆದ ಬಿಳಿ ಅರಿವೆಯನ್ನು ಮೊಸರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ ಸೀರೆಗಳ ನಡುವೆ ಮಡಚಿಟ್ಟು ಕೊಟ್ಟಿದ್ದರಂತೆ. ಇಲ್ಲಿ ಬಂದು ಅದನ್ನು ಉಗುರುಬೆಚ್ಚಗಿನ ಹಾಲಿನಲ್ಲಿ ನೆನೆಸಿದರೆ ಮೊದಲ ದಿನ ನೀರು, ಮರುದಿನ ಲೋಳೆ, ಅದರಾಚೆಯ ದಿನ ಮೊಸರು. ಆಮೇಲೆ ತಾಯಿ ಹೋದರು, ಮನೆಯೂ ಮಾರಾಟವಾಯಿತು. “ಅವ್ವನ ಅಡಿಗಿಮನ್ಯಾಗಿಂದು ಜೀವಂತ ಉಳದದ್ದು ಇದೊಂದ. ದಿನಾ ಹೆಪ್ಪ ಹಾಕ್ತೀನಿ. ಒಂದ್ ದಿನಾನೂ ತಪ್ಪಿಸಿಲ್ಲ,” ಎಂದರು. ನನ್ನ ಮುಖದ ಗಂಟು ಅಲ್ಲೇ ಸಡಿಲವಾಯಿತು. ಆ ಮೊಸರಿನ ರುಚಿ ನೋಡಿದ ಮೇಲಂತೂ ಅವರು ಏನು ಬೈದರೂ ಸರಿ ಎನಿಸಿತು.

ಆಮೇಲೆ ಅವರನ್ನು ಛೇಡಿಸುವುದು ನನಗೊಂದು ಚಟವಾಯಿತು. “ಅಕ್ಕಾ, ಹಗಲೆಲ್ಲ ಕೊಲೆ, ಸಂಜೆ ಬಾಣಂತನ. ಒಳ್ಳೇ ನೌಕರಿ ನಿಮ್ಮದು,” ಎನ್ನುತ್ತಿದ್ದೆ. “ಎಲ್ಲಾರ್ನೂ ಕೊಲ್ಲೂದಿಲ್ಲೋ ತಮ್ಮಾ. ಯಾರ್ನ ಕೊಲ್ಲಬೇಕು, ಯಾರ್ನ ಜ್ವಾಕಿ ಮಾಡಬೇಕು ತಿಳದಿರಬೇಕು. ಅದಕ್ಕ ಪಗಾರ ಕೊಡ್ತಾರ,” ಎನ್ನುತ್ತಿದ್ದರು. ಅವರಿಗೆ ಅಕ್ಕೋರು, ಅಂದರೆ ಆ ಕಡೆಯ ಮಾತಿನಲ್ಲಿ ಟೀಚರಮ್ಮ, ಎಂಬ ಹೆಸರು ಬಿದ್ದದ್ದು ಹುಬ್ಬಳ್ಳಿಯವರೊಬ್ಬರಿಂದ. ನಮ್ಮ ಕನ್ನಡದವರ ಗುಂಪು ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಕೈ ತೊಳೆಯುವ ರೀತಿ ಸರಿಯಿಲ್ಲವೆಂದು ಬೈಸಿಕೊಂಡು ಆ ಮನುಷ್ಯ ಎರಡನೇ ತರಗತಿಯ ಹುಡುಗನಂತೆ ನಿಂತು “ಆತ್ರೀ ಅಕ್ಕೋರ” ಎಂದುಬಿಟ್ಟರು. ಮಕ್ಕಳ ಪಾಲಿಗೆ ಮಾತ್ರ ಅವರು ಜರ್ಮ್ ಆಂಟಿ.

ಬೇರೆ ಯಾವುದರಲ್ಲೂ ಅವರಿಗೆ ತಾಳ್ಮೆಯಿರಲಿಲ್ಲ. ಮೈಕ್ರೋವೇವು ನಿಲ್ಲುವ ಮುಂಚೆಯೇ ಬಾಗಿಲು ಎಳೆಯುತ್ತಿದ್ದರು. ಬಸ್ಸು ತಡವಾದರೆ ನಡೆದುಕೊಂಡೇ ಮುಂದಿನ ಸ್ಟಾಪಿಗೆ ಹೋಗಿ, ಎರಡು ಸ್ಟಾಪುಗಳ ನಡುವೆ ಬಸ್ಸು ತಮ್ಮನ್ನು ದಾಟಿ ಹೋಗುವುದನ್ನು ನೋಡಿ ಡ್ರೈವರನಿಗೆ ಶಾಪ ಹಾಕುತ್ತಿದ್ದರು. ಆದರೆ ಕ್ರಿಮಿನಾಶಕ ಚಿಮುಕಿಸಿದ ಮೇಲಿನ ಆ ಹತ್ತು ನಿಮಿಷ ಮಾತ್ರ ಧ್ಯಾನಕ್ಕೆ ಕೂತವರ ಹಾಗೆ ಕೂರುತ್ತಿದ್ದರು. ಅವರ ಗಂಡ, ವರ್ಷಕ್ಕೆ ನಾಲ್ಕು ಮಾತಾಡುವ ಸಾಧು ಮನುಷ್ಯ, ಮನೆಯ ಮುಖ್ಯ ವಿಷಯಗಳನ್ನೆಲ್ಲ ಆ ಹತ್ತು ನಿಮಿಷದಲ್ಲೇ ಕೇಳಿ ಒಪ್ಪಿಗೆ ಪಡೆಯುತ್ತಿದ್ದರು ಎಂದು ನಮಗೆ ಆಮೇಲೆ ಗೊತ್ತಾಯಿತು.

ಅವರ ಪಾಠ ಕೇಳಬೇಕಿತ್ತು ನೀವು. ಒಮ್ಮೆ ನಮ್ಮ ಬೇಸ್‌ಮೆಂಟಿನಲ್ಲಿ ಪಾಟ್‌ಲಕ್ಕು. ಯೂನಿಯನ್‌ವಿಲ್ಲಿನಿಂದ ಬಂದಿದ್ದ ಸಾಫ್ಟ್‌ವೇರಿನ ಬೆಂಗಳೂರು ಹುಡುಗನೊಬ್ಬ ತಟ್ಟೆ ಹಿಡಿದುಕೊಂಡು, “ಆಕ್ಚುಯಲಿ ಇವೆಲ್ಲಾ ಹೇಗೆ ಕೊಲ್ತವೆ ಆಂಟಿ? ವಿಷಾನಾ?” ಎಂದು ಕೇಳಿದ. ಅಕ್ಕೋರು ಬಿಸಿಬೇಳೆಭಾತು ಬದಿಗಿಟ್ಟರು.

“ಒಂದೊಂದರ ಗುಣಾ ಒಂದೊಂದು. ಸ್ಪಿರಿಟ್ಟು ಹೊಕ್ಕರ ಅದರ ಮೈಯಾಗಿನ ಪ್ರೊಟೀನು ಹಾಲಿಗೆ ಲಿಂಬಿಹಣ್ಣು ಹಿಂಡಿದಂಗ ಒಡೀತದ. ಒಡದ ಹಾಲು ಮತ್ತ ಹಾಲು ಆಗೂದಿಲ್ಲಲ್ಲ, ಹಂಗ ಅದರ ಕಥೀ ಮುಗೀತು. ಬ್ಲೀಚು ಅಂದ್ರ ಮದವಿ ಮನ್ಯಾಗ ಸಿಟ್ಟಿಗೆದ್ದ ಬೀಗರು. ಎದುರಿಗೆ ಯಾರು ಸಿಕ್ಕರೂ ಬಡೀತದ. ಕಟ್ಟಿ ಮ್ಯಾಲೆ ಹೊಲಸು ಇತ್ತಂದ್ರ ಅದರ ಜೋಡಿನ ಜಗಳಾಡಿ ಸುಸ್ತಾಗಿ, ಬ್ಯಾಕ್ಟೀರಿಯಾದ ತನಕಾ ಹೋಗೂದರಾಗ ಸಿಟ್ಟೇ ಇಳದಿರ್ತದ. ಅದಕ್ಕ ಮದಲ ತೊಳಿ, ಆಮ್ಯಾಲೆ ಕೊಲ್ಲು.”

“ನಿಮ್ಮ ಲ್ಯಾಬಲ್ಲಿ ಅದೇನೋ ಕ್ವಾಟ್ ಅಂತೀರಲ್ಲ?” ಎಂದೆ ನಾನು.

“ಅದು ಬ್ಯಾರೆ ಜಾತಿ. ಹೋಗಿ ಅದರ ಮೈಗೆ ಅಂಟಿಕೋತದ, ಹಿಟ್ಟಿನ ಚೀಲಕ್ಕ ತೂತು ಕೆಡವಿದಂಗ ಚರ್ಮಾ ಹರೀತದ. ಒಳಗಿಂದೆಲ್ಲಾ ಸೋರಿ ಹೋಗ್ತದ. ಭಾಳ ಛಲೋ ಔಷಧ. ಆದ್ರ ಅದಕ್ಕೊಂದು ಚಾಳಿ ಅದ. ಬ್ಲೀಚಿನಂಗ ಲಗೂನ ಹೋಗೂದಿಲ್ಲ. ಬಂದು ಕುಂತ್ರ ಏಳವಲ್ಲದ ಅತಿಥಿ ಅದು. ಚಂದಂಗ ತೊಳೀದಿದ್ರ ಅಲ್ಲೇ ಕುಂತಿರ್ತದ.”

ಬೆಂಗಳೂರಿನ ಹುಡುಗ ಬಿಡಲಿಲ್ಲ. “ಹಂಗಾದ್ರೆ ಪ್ಯೂರ್ ಆಲ್ಕೊಹಾಲ್ ಹಾಕಿದ್ರೆ ಇನ್ನೂ ಬೇಗ ಸಾಯಲ್ವಾ?”

“ಇಲ್ಲೋ ಮಾರಾಯಾ. ನೀರು ಬೇಕು. ನೀರಿಲ್ಲದ ಬರೇ ಸ್ಪಿರಿಟ್ಟು ಹೊರಗಿನ ಪದರಾ ಲಗೂನ ಗಟ್ಟಿ ಮಾಡಿ ಹಾರಿ ಹೋಗ್ತದ, ಒಳಗಿನಾಂವ ಆರಾಮ ಇರ್ತಾನ. ಒಂದಿಷ್ಟು ನೀರು ಇದ್ರನ ಕೆಲಸಾ ಪೂರಾ ಆಗೂದು.”

ಮೂಲೆಯಲ್ಲಿದ್ದ ಅವರ ಗಂಡ ಆ ವರ್ಷದ ತಮ್ಮ ಮಾತುಗಳಲ್ಲಿ ಒಂದನ್ನು ಅಲ್ಲಿ ಖರ್ಚು ಮಾಡಿದರು: “ನಾ ಮದಲಿಂದ ಸೋಡಾ ಬೆರಸೇ ಕುಡೀಬೇಕಂತ ಹೇಳ್ತಿದ್ದೆ.” ಬೇಸ್‌ಮೆಂಟಿನ ಸೀಲಿಂಗು ಹಾರಿಹೋಗುವಂತೆ ನಕ್ಕೆವು.

ಇನ್ನೊಂದು ಯುಗಾದಿ. ಚರ್ಚಿನ ಕೆಳಗಿನ ಹಾಲನ್ನು ಬಾಡಿಗೆಗೆ ಹಿಡಿದಿದ್ದೆವು. ಅಲ್ಲಿನ ಅಡುಗೆಮನೆಯ ದೊಡ್ಡ ಸಿಂಕಿನಲ್ಲಿ ಯಾರೋ ಉತ್ಸಾಹಿ ಹೆಂಗಸರು ಬ್ಲೀಚು ಸುರಿದು ನೆನೆಹಾಕಿದ್ದರು. ಅದೇ ಸಿಂಕಿಗೆ ಇನ್ನೊಬ್ಬರು ಬಂದು ಹಿತ್ತಾಳೆಯ ದೀಪದ ಕಂಬಗಳನ್ನು ಇಳಿಸಿ, ಒಂದು ಉಂಡೆ ಹುಣಿಸೆಹಣ್ಣು ಹಾಕಿ ತಿಕ್ಕತೊಡಗಿದರು. ಹಿತ್ತಾಳೆ ಬೆಳಗಲು ಹುಣಿಸೆಹಣ್ಣಿಗಿಂತ ಮಿಗಿಲು ಇನ್ನೇನಿದೆ! ಅಕ್ಕೋರು ಹೊರಬಾಗಿಲಿನಲ್ಲಿ ಬೂಟು ಬಿಚ್ಚುತ್ತಿದ್ದರು. ಮೂಗು ಮೇಲೆದ್ದಿತು. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ಹಾಗೇ ಓಡಿ ಬಂದು, “ಎಲ್ಲಾರೂ ಹೊರಗ ನಡೀರಿ! ಏನೂ ಮುಟ್ಟಬ್ಯಾಡ್ರಿ!” ಎಂದು ಕೂಗಿದರು. ಅಷ್ಟರಲ್ಲಿ ಕೆಲವರಿಗೆ ಕೆಮ್ಮು, ಕಣ್ಣುರಿ ಶುರುವಾಗಿತ್ತು. ಹಿಂಬಾಗಿಲು ತೆರೆದು ಎಲ್ಲರನ್ನೂ ಕುರಿಮಂದೆಯಂತೆ ಹೊರಗೆ ಅಟ್ಟಿದರು. ಏಪ್ರಿಲಿನ ಚಳಿಯಲ್ಲಿ ರೇಷ್ಮೆ ಸೀರೆ ಉಟ್ಟ ಹೆಂಗಸರು ಪಾರ್ಕಿಂಗ್ ಲಾಟಿನಲ್ಲಿ ನಡುಗುತ್ತ ನಿಂತಿದ್ದರೆ, ಹಾದುಹೋಗುವವರು ಇದು ಯಾವ ಹಬ್ಬವೋ ಎಂದು ನೋಡುತ್ತಿದ್ದರು.

“ಹುಳಿ ತಾಕಿತಂದ್ರ ಬ್ಲೀಚಿನ್ಯಾಗಿಂದ ಕ್ಲೋರಿನ್ ಗಾಳಿ ಏಳ್ತದ,” ಎಂದರು ಅಕ್ಕೋರು, ಒಂಟಿ ಬೂಟಿನಲ್ಲಿ ಕುಂಟುತ್ತ. “ಅದು ಬ್ಯಾಕ್ಟೀರಿಯಾ ಯಾವುದು, ಮುತ್ತೈದಿ ಯಾವುದು ಅಂತ ನೋಡೂದಿಲ್ಲ.”

ಸದ್ಯ, ಯಾರಿಗೂ ಏನೂ ಆಗಲಿಲ್ಲ. ಗಾಳಿ ಹೋದ ಮೇಲೆ ಒಳಗೆ ಬಂದು ಬೇವುಬೆಲ್ಲ ತಿಂದೆವು. ಅಂದಿನಿಂದ ನಮ್ಮ ಗುಂಪಿನಲ್ಲಿ ಹುಣಿಸೆಹಣ್ಣಿಗೂ ಬ್ಲೀಚಿಗೂ ಬೇರೆ ಬೇರೆ ಕೋಣೆ.

ಇಂಥವರಿಗೂ ಒಬ್ಬ ಎದುರಾಳಿ ಇದ್ದರು. ನಮ್ಮ ಗೆಳೆಯ ಪ್ರಹ್ಲಾದನ ಅಜ್ಜಿ. ಪ್ರಹ್ಲಾದನಿಗೆ ನ್ಯೂಮಾರ್ಕೆಟ್ಟಿನ ಸರ್ಕಾರಿ ಆಫೀಸಿನಲ್ಲಿ ಕೆಲಸ, ಅವರದೂ ಧಾರವಾಡವೇ. ಎಪ್ಪತ್ತು ದಾಟಿದ ಅಜ್ಜಿ ಕೆನಡಾಕ್ಕೆ ಬಂದರೂ ಮಡಿ ಬಿಟ್ಟಿರಲಿಲ್ಲ. ಸ್ನಾನ ಮಾಡಿ, ಅಗತ್ಯ ಬಿದ್ದರೆ ಒದ್ದೆ ಸೀರೆಯಲ್ಲೇ ಅಡುಗೆ ಮಾಡಿಕೊಂಡು, ತಮ್ಮ ಕೈಯದು ಬಿಟ್ಟು ಬೇರೆ ಯಾರ ಕೈಯದೂ ಉಣ್ಣುತ್ತಿರಲಿಲ್ಲ. ಮೈಕ್ರೋವೇವು ತಮ್ಮ ಒಲೆಯ ಕಡೆ ಮುಖ ಮಾಡಿದ್ದರೂ ಮೈಲಿಗೆ ಎಂದು ಅದನ್ನು ಗೋಡೆಯತ್ತ ತಿರುಗಿಸಿ ಇಡಿಸಿದ್ದರು. ಹಾಲಿಗೂ ಹೆಪ್ಪಿಗೂ ಮಾತ್ರ ಅವರ ಕಾನೂನಿನಲ್ಲಿ ಸಡಿಲಿಕೆ ಇತ್ತು. ಹಾಗಾಗಿ ಅವರು ಬಂದ ಹೊಸದರಲ್ಲಿ ಅಕ್ಕೋರು ಪ್ರಹ್ಲಾದನ ಹೆಂಡತಿಯ ಕೈಯಲ್ಲಿ ಕಳಿಸಿದ್ದ ಹೆಪ್ಪನ್ನು ಒಪ್ಪಿಕೊಂಡಿದ್ದರು.

ಅವರ ಮನೆಯ ಸತ್ಯನಾರಾಯಣ ಪೂಜೆಯ ದಿನ ಇಬ್ಬರೂ ಮುಖಾಮುಖಿಯಾದರು. ಅಕ್ಕೋರು ಎಂದಿನಂತೆ ಮೊದಲು ಅಡುಗೆಮನೆಗೆ ನುಗ್ಗಿ, ಕಟ್ಟೆ ಒರೆಸುತ್ತಿದ್ದ ಪ್ರಹ್ಲಾದನ ಹೆಂಡತಿಗೆ, “ಒರಸಬ್ಯಾಡವಾ, ಒದ್ದಿ ಇರಲಿ, ಹತ್ತು ನಿಮಿಷ,” ಎಂದರು. ಅಜ್ಜಿ ಮೂಲೆಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಆಮೇಲೆ ಅಕ್ಕೋರ ಕಣ್ಣು ಬಿಳಿ ಬಟ್ಟೆ ಮುಚ್ಚಿ ಎತ್ತರದಲ್ಲಿಟ್ಟಿದ್ದ ಮೊಸರಿನ ಪಾತ್ರೆಯ ಮೇಲೆ ಬಿತ್ತು. ತಮ್ಮ ಅವ್ವನ ಹೆಪ್ಪು ಇಲ್ಲಿ ಹೇಗೆ ಬೆಳೆದಿದೆ ನೋಡೋಣವೆಂದು ಅಕ್ಕರೆಯಿಂದ ಕೈ ಚಾಚಿದರು.

“ಮುಟ್ಟಬ್ಯಾಡ!” ಎಂದು ಅಜ್ಜಿ ಗುಡುಗಿದರು. “ಮಡೀಲೆ ಇಟ್ಟದ್ದು ಅದು!”

“ಮಡಿ ಅಂದ್ರ ಏನ್ರಿ ಅಜ್ಜಿ? ಕಣ್ಣಿಗೆ ಕಾಣಸ್ತದೇನು?” ಅಕ್ಕೋರು ನಕ್ಕರು.

“ನಿನ್ನ ಬ್ಯಾಕ್ಟೀರಿಯಾ ಕಾಣಸ್ತಾವೇನು ಶಾಣ್ಯಾಕಿ? ನೀ ಇದ್ದಾವ ಅಂದ್ರ ಎಲ್ಲಾರೂ ಹೌದು ಅನ್ನಬೇಕು. ನಾ ಅಂದ್ರ ನಗಬೇಕು?”

ಮೈಕ್ರೋಸ್ಕೋಪಿನಲ್ಲಿ ತೋರಿಸುತ್ತೇನೆ ಬನ್ನಿ ಎಂದರು ಅಕ್ಕೋರು. ಮಡಿಯಲ್ಲಿರುವವಳು ನಾನೇಕೆ ಆ ಹೊಲಸು ನೋಡಲಿ ಎಂದರು ಅಜ್ಜಿ. ಮಾತಿಗೆ ಮಾತು ಬೆಳೆಯಿತು. ಪ್ರಸಾದವನ್ನೂ ತಿನ್ನದೆ ಅಕ್ಕೋರು ಕಾರಿನಲ್ಲಿ ಬಂದು ಕೂತರು. ಅಲ್ಲಿಂದ ಮುಂದೆ ಎಷ್ಟೋ ವರ್ಷ ಇಬ್ಬರೂ ಒಂದೇ ಸಮಾರಂಭಕ್ಕೆ ಬಂದರೆ ಹಾಲಿನ ಈ ತುದಿಗೊಬ್ಬರು, ಆ ತುದಿಗೊಬ್ಬರು.

ಎರಡು ಸಾವಿರದ ಮೂರರ ವಸಂತದಲ್ಲಿ ಟೊರಾಂಟೊಕ್ಕೆ ಸಾರ್ಸ್ ಎಂಬ ಅಂಟುಜ್ವರ ಬಂತು. ಮೊದಮೊದಲು ಅಕ್ಕೋರೇ ಎಲ್ಲರಿಗೂ ಧೈರ್ಯ ಹೇಳುತ್ತಿದ್ದರು. ಕೈ ತೊಳೆಯಿರಿ, ಸಾಕು. ತರಕಾರಿಯನ್ನು ಬ್ಲೀಚಿನಲ್ಲಿ ಅದ್ದಬೇಡಿರಿ. ಬಾಗಿಲ ಹಿಡಿಕೆ ಒದ್ದೆಯಾಗಿ ಬಿಡಿರಿ. ಅವರ ಫೋನಿಗೆ ಬಿಡುವೇ ಇರಲಿಲ್ಲ. ಅಷ್ಟರಲ್ಲಿ ಅವರ ಗಂಡನಿಗೆ ಹೃದಯದ ಆಪರೇಷನ್ ಆಯಿತು. ಎದೆಯ ಮೇಲೆ ಉದ್ದನೆಯ ಹೊಲಿಗೆ ಹೊತ್ತುಕೊಂಡು ಆ ಸಾಧು ಮನುಷ್ಯ ಮನೆಗೆ ಬಂದರು. ಅಂದಿನಿಂದ ಅಕ್ಕೋರ ಬುದ್ಧಿ ಅವರ ಕೈಮೀರಿತು. ದೀಪದ ಬುಡದಲ್ಲೇ ಕತ್ತಲೆ. ಆಸ್ಪತ್ರೆಗೆ ಹೋಗುವಂಥ ಗಟ್ಟಿ ಕ್ವಾಟ್ ತಂದು ಬಕೆಟ್ಟಿನಲ್ಲಿ ಕಲಸಿಟ್ಟು, ಸಿಕ್ಕಿದ್ದನ್ನೆಲ್ಲ ಅದರಲ್ಲಿ ಅದ್ದತೊಡಗಿದರು. ಚಮಚ, ಲೋಟ, ಟಿವಿ ರಿಮೋಟಿನ ಮುಚ್ಚಳ, ಕೊನೆಗೆ ಗಂಡನ ಚಪ್ಪಲಿ. ಫ್ರಿಜ್ಜಿನಲ್ಲಿದ್ದ ಹಳೆಯದನ್ನೆಲ್ಲ ಎಸೆದರು. ಮೊಸರಿನಲ್ಲಿ ಹೆಪ್ಪಿಗೆಂದು ಒಂದು ಚಮಚ ಮಾತ್ರ ಉಳಿಸಿಕೊಂಡರು.

ಅವರು ಹೆಪ್ಪು ಹಾಕುತ್ತಿದ್ದದ್ದು ಧಾರವಾಡದಿಂದ ತಂದ ಪುಟ್ಟ ಮಣ್ಣಿನ ಗಡಿಗೆಯಲ್ಲಿ. ಅದೂ ಬಕೆಟ್ಟಿಗೆ ಬಿತ್ತು. ಆತುರದಲ್ಲಿ ಒಂದು ಸಲ ನೀರು ಹಾಯಿಸಿ ತೆಗೆದರು. ಆಮೇಲೆ ತಾಯಿ ಕಲಿಸಿದಂತೆ ಆ ಒಂದು ಚಮಚ ಹೆಪ್ಪನ್ನು ಗಡಿಗೆಯ ಒಳಗೆಲ್ಲ ಬೆರಳಿನಿಂದ ಸವರಿ, ಹಾಲು ಆರಲೆಂದು ಕಾದರು. ಮಣ್ಣು ಕುಡಿದಿದ್ದ ಕ್ವಾಟು, ಬಂದು ಕುಂತ್ರ ಏಳವಲ್ಲದ ಆ ಅತಿಥಿ, ತನ್ನ ಕೆಲಸ ಮಾಡಿತು. ಬೇಕಾದ ಪುರಸೊತ್ತೂ ಸಿಕ್ಕಿತ್ತು. ಬೆಳಿಗ್ಗೆ ಗಡಿಗೆ ಬಾಗಿಸಿದರೆ ಹಾಲು ಹಾಲಾಗಿಯೇ ತುಳುಕಿತು.

ನಾನು ಹಾಲಿನ ಚೀಲ ಕೊಡಲೆಂದು ಹೋದಾಗ ಅವರು ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಕಟ್ಟೆಯ ಮೇಲೆ ಏನೋ ಚಿಮುಕಿಸಿದ್ದು ತನ್ನಷ್ಟಕ್ಕೆ ಒಣಗುತ್ತಿತ್ತು.

“ಸತ್ತದ ತಮ್ಮಾ,” ಎಂದರು. “ಇಪ್ಪತ್ತು ವರ್ಷ ಮಂದಿಗೆ ಪಾಠಾ ಹೇಳಿ, ನಮ್ಮವ್ವನ ಹೆಪ್ಪ ನಾನ ಕೊಂದೆ.”

ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಮೊಸರು ಅಂಗಡಿಯಲ್ಲಿ ಸಿಗುತ್ತದೆ ಎಂದು ಹೇಳುವಷ್ಟು ಮೂರ್ಖ ನಾನಾಗಿರಲಿಲ್ಲ. ಮನೆಗೆ ಬಂದು ವಸುಧಾಳಿ‌ಗೆ ಹೇಳಿದೆ. ಅವಳು ಕೂಡಲೇ ಫೋನಿಗೆ ಕೂತಳು. ಅಕ್ಕೋರು ಊರಿಗೆಲ್ಲ ಹೆಪ್ಪು ಹಂಚಿದವರು, ಯಾರ ಮನೆಯಲ್ಲಾದರೂ ಇದ್ದೇ ಇರುತ್ತದಲ್ಲ!

ಆಗ ನೋಡಿ, ಒಬ್ಬೊಬ್ಬರ ಬಣ್ಣ ಬಯಲಾಯಿತು. ಬ್ರ್ಯಾಂಪ್ಟನ್ನಿನವರು ಎಂದೋ ಅಂಗಡಿಯ ಡಬ್ಬಿಗೆ ಹೋಗಿದ್ದರು. ಯೂನಿಯನ್‌ವಿಲ್ಲಿನವರ ಮಗಳು ಅದಕ್ಕೆ ಸ್ಟ್ರಾಬೆರಿ ಯೋಗರ್ಟ್ ಬೆರೆಸಿದ್ದಳು. ಹುಬ್ಬಳ್ಳಿಯವರು, “ಇದ್ದದ್ದು ಹೌದ್ರಿ, ಫ್ರಿಜ್ ಕೆಟ್ಟಾಗ ಹೋತು, ಅಕ್ಕೋರಿಗೆ ಹೇಳಬ್ಯಾಡ್ರಿ,” ಎಂದರು. ನಮ್ಮ ಮನೆಯದು? ಆ ಚಳಿಗಾಲ ಊರಿಗೆ ಹೋಗಿ ಬಂದ ಮೇಲೆ ವಸುಧಾ ಗುಟ್ಟಾಗಿ ಡಬ್ಬಿಯ ಮೊಸರಿನಿಂದಲೇ ಹೆಪ್ಪು ಹಾಕುತ್ತಿದ್ದಳಂತೆ. ಅಕ್ಕೋರು ನಮ್ಮ ಮನೆಯಲ್ಲಿ ಉಂಡು, “ನಮ್ಮವ್ವಂದ ರುಚಿ,” ಎಂದು ಹೊಗಳಿ ಹೋಗಿದ್ದರು. ಅದನ್ನು ಈಗ ಅವರಿಗೆ ಯಾರು ಹೇಳಬೇಕು!

ಉಳಿದದ್ದು ಒಂದೇ ಮನೆ. ವಸುಧಾ ನನ್ನ ಮುಖ ನೋಡಿದಳು. ಯಾರೂ ಮುಟ್ಟದ, ಯಾರೂ ಚಮಚ ಹಾಕದ, ಅಂಗಡಿಯ ಡಬ್ಬಿ ಹೊಸ್ತಿಲು ದಾಟದ ಒಂದೇ ಒಂದು ಪಾತ್ರೆ ಇಡೀ ಪ್ರಾಂತ್ಯದಲ್ಲಿ ಇದ್ದರೆ ಅದು ನ್ಯೂಮಾರ್ಕೆಟ್ಟಿನ ಅಜ್ಜಿಯದು.

“ನಾ ಅಲ್ಲಿಗೆ ಹೋಗೂದಿಲ್ಲ,” ಎಂದರು ಅಕ್ಕೋರು. ಒಂದು ದಿನ ಹಾಗೆಯೇ ಇದ್ದರು. ಮರುದಿನ ಬೆಳಿಗ್ಗೆ ಬೂಟು ಹಾಕಿಕೊಂಡು ಬಂದು ನಮ್ಮ ಕಾರಿನ ಪಕ್ಕ ನಿಂತರು. ಫೋರ್-ನಾಟ್-ಫೋರ್ ಹೈವೇಯುದ್ದಕ್ಕೂ ಅವರು ಖಾಲಿ ಸ್ಟೀಲ್ ಬಟ್ಟಲಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದರು. ಹಿಂದಿನ ಸೀಟಿನಲ್ಲಿದ್ದ ವಸುಧಾ ನನ್ನ ಹೆಗಲು ಚಿವುಟಿ, ಕಾರಿನ ಹಾಡು ನಿಲ್ಲಿಸಲು ಸನ್ನೆ ಮಾಡಿದಳು.

ಅಜ್ಜಿ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪ್ರಹ್ಲಾದ ವಿಷಯ ಹೇಳಿದ್ದ. “ನಿಮ್ಮನ್ಯಾಗ ಯಾರಿಗೂ ಜ್ವರ ಇಲ್ಲಲ್ಲ?” ಎಂದು ಮೊದಲು ವಿಚಾರಿಸಿಕೊಂಡರು. ಆಮೇಲೆ, “ಏನವಾ ಶಾಣ್ಯಾಕಿ, ಹೆಪ್ಪ ಬೇಕಂತ?”

“ಹೌದ್ರಿ,” ಎಂದರು ಅಕ್ಕೋರು, ಮೆಲ್ಲಗೆ.

“ಕೊಡ್ತೀನಿ. ನಿನ್ನವ್ವಂದು, ಬ್ಯಾಡ ಅನ್ಲಿಕ್ಕೆ ನಾ ಯಾರು? ಆದ್ರ ಮಡೀಲೆ ತಗೋಬೇಕು. ಮ್ಯಾಲೆ ಹೋಗಿ ತಲೀಮ್ಯಾಲೆ ನೀರು ಹಾಕ್ಕೊಂಡು, ನನ್ನ ನೂಲಿನ ಸೀರಿ ನೀರಾಗ ಹಿಂಡಿ ಉಟಗೊಂಡು ಬಾ.”

ಅಕ್ಕೋರು ಬಟ್ಟಲನ್ನು ಪ್ರಹ್ಲಾದನ ಕೈಗಿತ್ತರು. ಆಮೇಲೆ ಬೂಟು ಬಿಚ್ಚಿ ಮಹಡಿ ಹತ್ತಿದರು. ಪ್ರಹ್ಲಾದ ಓಡಿಹೋಗಿ ಫರ್ನೇಸಿನ ಬಿಸಿ ಏರಿಸಿದ. ನಾವು ಗಂಡಸರು ನಡುಮನೆಯಲ್ಲಿ ಕೂತು ಗೋಡೆಯಾಚೆಗೆ ಕಿವಿಗೊಟ್ಟೆವು. ಹಸಿ ಸೀರೆಯ ಸದ್ದು ಮೆಟ್ಟಿಲಿಳಿಯಿತು. ಅಡುಗೆಮನೆಯಲ್ಲಿ ಹಲ್ಲು ಕಟಕಟ ಎನ್ನುವುದು ನಮಗೂ ಕೇಳುತ್ತಿತ್ತು.

“ಛಳೀ ಅಜ್ಜಿ,” ಎಂದರು ಅಕ್ಕೋರು. “ಆ ಟವೆಲ್ಲ ತಗೊಂಡು ಮಾರೀನರೆ ಒರಸ್ಕೋತೀನಿ.”

“ಒರಸಬ್ಯಾಡವಾ,” ಎಂದಿತು ಅಜ್ಜಿಯ ದನಿ. “ಒದ್ದಿ ಇರಲಿ. ಹತ್ತು ನಿಮಿಷ.”

ಮೊದಲು ಅಕ್ಕೋರು ನಕ್ಕರು. ಅಜ್ಜಿಯೂ ನಕ್ಕರು. ಇಬ್ಬರೂ ನಕ್ಕೂ ನಕ್ಕೂ, ನಡುವೆ ಅಕ್ಕೋರು ಸೀನಿ, ಸೀನಿದ್ದಕ್ಕೆ ಮಡಿ ಕೆಟ್ಟಿತೇ ಇಲ್ಲವೇ ಎಂಬ ವಾದ ಶುರುವಾಗಿ, ಅದರಲ್ಲೂ ನಕ್ಕರು. ಆ ಹತ್ತು ನಿಮಿಷದಲ್ಲಿ ಅಕ್ಕೋರು ಅಜ್ಜಿಯ ಪಾತ್ರೆಯ ದಿನಚರಿಯನ್ನೆಲ್ಲ ಕೇಳಿ ತಿಳಿದುಕೊಂಡರು. ಕುದಿಯುವ ನೀರಿನಲ್ಲಿ ತೊಳೆಯುವುದು, ಬೋರಲು ಹಾಕಿ ಬಿಸಿಲಿಗೆ ಒಣಗಿಸುವುದು, ಕೈ ತೊಳೆಯದೆ ಮುಟ್ಟದಿರುವುದು, ಎಂಜಲು ಚಮಚ ಸೋಕಿಸದಿರುವುದು.

“ಅಜ್ಜಿ, ಇದು ನಮ್ಮ ಲ್ಯಾಬಿನ ರೂಲು!”

“ನೀ ಅದಕ್ಕ ಏನರೆ ಅನ್ನು. ಇದು ಮಡಿ.”

“ಮತ್ತ ಮೈಕ್ರೋವೇವು ಗ್ವಾಡಿಗೆ ಮುಖಾ ಮಾಡೂದು?”

“ಅದೂ ಮಡಿ. ನಿಂಗ ತಿಳಿಯೂದಿಲ್ಲ.”

ಬರುವಾಗ ಅಕ್ಕೋರು ಸ್ಟೀಲ್ ಬಟ್ಟಲನ್ನು ಹಸುಗೂಸಿನ ಹಾಗೆ ಮಡಿಲಲ್ಲಿ ಹಿಡಿದು ಕೂತಿದ್ದರು. ನಾನು ಬ್ರೇಕು ಒತ್ತಿದಾಗಲೆಲ್ಲ ಬೈದರು. ಬೈಗುಳ ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರುದಿನ ಬೆಳಿಗ್ಗೆ ಅವರು ನಮ್ಮ ಬಾಗಿಲಲ್ಲಿ ನಿಂತು, ತುಂಬಿದ ಬಟ್ಟಲನ್ನು ನನ್ನ ಕಾರ್ಪೆಟ್ಟಿನ ಮೇಲೆ ಬೋರಲು ಹಿಡಿದರು. ಒಂದು ಹನಿ ಬೀಳಲಿಲ್ಲ. ಮೊಸರು ಗಟ್ಟಿಯಾಗಿ ಕೂತಿತ್ತು.

ಅದಾದ ಮೇಲೆ ಅವರು ಮತ್ತೆ ಎಲ್ಲರ ಮನೆಗೂ ಹೆಪ್ಪು ಹಂಚಿದರು, ಈ ಸಲ ಆಗಾಗ ಫೋನು ಮಾಡಿ ತಪಾಸಣೆಯನ್ನೂ ಇಟ್ಟರು. ರಿಟೈರಾದ ಮೇಲೆ ಪ್ರತಿ ಯುಗಾದಿಗೆ ನ್ಯೂಮಾರ್ಕೆಟ್ಟಿಗೆ ಹೋಗಿ ಅಜ್ಜಿಯ ಜೊತೆ ಜಗಳವಾಡಿ ಬರುತ್ತಿದ್ದರು. ಯಾರ ಮಾತೂ ಯಾರೂ ಒಪ್ಪಲಿಲ್ಲ. ಅಜ್ಜಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಡಲಿಲ್ಲ, ಅಕ್ಕೋರು ಮಡಿ ಹಿಡಿಯಲಿಲ್ಲ.

ಕಳೆದ ನವೆಂಬರಿನಲ್ಲಿ ಅಕ್ಕೋರು ತೀರಿದ ಹದಿಮೂರನೆಯ ದಿನದ ಊಟ ಅದೇ ಚರ್ಚಿನ ಹಾಲಿನಲ್ಲಿ. ಕೊನೆಗೆ ಮೊಸರನ್ನವೇ ಇರಬೇಕೆಂದು ಅಕ್ಕೋರ ಗಂಡ ಹೇಳಿದ್ದರು. ಆ ವರ್ಷ ಅವರಾಡಿದ ಮಾತು ಅಷ್ಟೇ ಎಂದು ಕಾಣುತ್ತದೆ. ಎಲ್ಲರೂ ತಮ್ಮ ತಮ್ಮ ಮನೆಯ ಮೊಸರು ತಂದಿದ್ದರು. ಒಂದೇ ಪಾತ್ರೆಗೆ ಸುರಿದರೆ ಯಾರದು ಯಾವುದೆಂದು ಗೊತ್ತಾಗುವಂತಿರಲಿಲ್ಲ.

ತೊಂಬತ್ತರ ಹತ್ತಿರದ ಅಜ್ಜಿಯನ್ನು ಪ್ರಹ್ಲಾದ ಕೈಹಿಡಿದು ಕರೆತಂದ. ಹೊರಗಿನದು ಏನೂ ಉಣ್ಣದವರೆಂದು ಎಲ್ಲರಿಗೂ ಗೊತ್ತಿದ್ದರಿಂದ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿ, ತಟ್ಟೆ ಇಡಲಿಲ್ಲ. ವಸುಧಾ ಮೊಸರು ಬಡಿಸುತ್ತ ಪಕ್ಕದಲ್ಲಿ ಹಾದಾಗ ಅಜ್ಜಿ ಅಂಗೈ ಚಾಚಿದರು.

“ಅಜ್ಜಿ, ಇದು ಮಡಿಯಲ್ಲಿ ಮಾಡಿದ್ದಲ್ಲ,” ಎಂದಳು ವಸುಧಾ ಹಿಂಜರಿಯುತ್ತ. “ಎಲ್ಲರ ಕೈ ತಾಗಿದೆ.”

“ಅಕಿ ಹೆಪ್ಪ ಹೌದಲ್ಲ?”

“ಹೌದು ಅಜ್ಜಿ.”

“ಹಾಕು ಮತ್ತ.”

ಅಂಗೈಯಲ್ಲಿದ್ದ ಮೊಸರನ್ನು ಅಜ್ಜಿ ನಿಧಾನವಾಗಿ ಸವಿದರು. ನಾನು ಹತ್ತಿರ ಹೋಗಿ ಕೈ ಒರೆಸಿಕೊಳ್ಳಲೆಂದು ಪೇಪರ್ ಟವೆಲ್ ಚಾಚಿದೆ. ಅವರು ತಲೆಯಲ್ಲಾಡಿಸಿದರು. ಖಾಲಿ ಅಂಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ಮಾಲೆ ಹಾಕಿದ್ದ ಅಕ್ಕೋರ ಫೋಟೋದತ್ತ ನೋಡಿದರು.

“ಬ್ಯಾಡಪ್ಪಾ,” ಎಂದರು. “ಇನ್ನೊಂದೀಟು ಹೊತ್ತು ಒದ್ದಿ ಇರಲಿ.”